ಹಳೆಯ ಬೆಂಜ್ ಕಾರುಗಳ ರಿಪೇರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಮರ್ಸಿಡಿಸ್-ಬೆಂಜ್ ಕಾರುಗಳಿಗೆ ಸಂಬಂಧಿಸಿದವು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಟೆಲ್ಕೊ (ಈಗಿನ ಟಾಟಾ ಮೋಟರ್ಸ್) ಸಂಸ್ಥೆಯ ಸಹಭಾಗಿತ್ವದಲ್ಲಿ ಪುಣೆಯಲ್ಲಿ 1995ರಿಂದ ತಯಾರಾದ ಇ220 ಮತ್ತು ಇ250ಡಿ ಕಾರುಗಳು, ಅಂದರೆ ಅಭಿಮಾನಿಗಳು ಡಬ್ಲ್ಯು124 ಎಂದು ಕರೆಯುವ ಮಾದರಿ, ಈಗ ಮೂರನೆಯ ಅಥವಾ ನಾಲ್ಕನೆಯ ಒಡೆಯರ ಕೈ ಸೇರಿವೆ. ಅದಕ್ಕೂ ಹಿಂದಿನ ಡಬ್ಲ್ಯು123 ಡೀಸೆಲ್‌ಗಳು ಮಲೆನಾಡಿನ, ಕೊಡಗಿನ ಕೊಟ್ಟಿಗೆಗಳಿಂದ ಹೊರಬಂದು ಮತ್ತೆ ರಸ್ತೆಗೆ ಇಳಿಯುತ್ತಿವೆ. ಪತ್ರಗಳನ್ನೆಲ್ಲ ಒಟ್ಟಿಗೆ ಓದಿದಾಗ ನಮಗೆ ಕಂಡ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇವೆ: ಬರೆದವರಲ್ಲಿ ಬಹುತೇಕರು ಪರೀಕ್ಷೆಗೆ ಮೊದಲೇ ಬಿಡಿಭಾಗಕ್ಕೆ ಹಣ ಕೊಟ್ಟಿದ್ದಾರೆ. ಈ ಕಾರುಗಳಲ್ಲಿ ದುಬಾರಿ ಭಾಗ ತಾನಾಗಿ ಕೆಡುವುದು ಅಪರೂಪ, ಅದಕ್ಕೆ ಕರೆಂಟನ್ನೋ ಗಾಳಿಯನ್ನೋ ಇಂಧನವನ್ನೋ ತಲುಪಿಸುವ ಅಗ್ಗದ ವಸ್ತು ಕೆಡುವುದೇ ಸಾಮಾನ್ಯ.

ಪ್ರಶ್ನೆ: ನನ್ನ ಬಳಿ 1996ರ ಇ220 ಪೆಟ್ರೋಲ್ ಕಾರು ಇದೆ. ಬೆಳಿಗ್ಗೆ ತಣ್ಣಗಿರುವಾಗ ಚೆನ್ನಾಗಿಯೇ ಓಡುತ್ತದೆ. ಎಂಜಿನ್ ಬಿಸಿಯಾದ ಮೇಲೆ ಮಿಸ್ಸಿಂಗ್ ಶುರುವಾಗಿ ಐಡ್ಲಿಂಗ್ ಏರಿಳಿಯುತ್ತದೆ. ಮಳೆಗಾಲದಲ್ಲಂತೂ ರಸ್ತೆಯ ನಡುವೆಯೇ ನಿಂತುಹೋಗಿದ್ದುಂಟು. ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಏರ್ ಮಾಸ್ ಸೆನ್ಸರ್ ಬದಲಾಯಿಸಿದರು. ಈಗ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆ, ಅದನ್ನೂ ಬದಲಾಯಿಸಬೇಕು ಎನ್ನುತ್ತಿದ್ದಾರೆ. ಒಪ್ಪಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ನೀವು ಬರೆದಿರುವ ಲಕ್ಷಣಗಳೆಲ್ಲವೂ ಈ ಮಾದರಿಯ ಅತ್ಯಂತ ಪ್ರಸಿದ್ಧ ದೋಷದ ಕಡೆಗೇ ಬೆರಳು ತೋರುತ್ತವೆ. 1990ರ ದಶಕದ ಮೊದಲರ್ಧದಲ್ಲಿ, ಮುಖ್ಯವಾಗಿ 1993ರಿಂದ 1995-96ರವರೆಗೆ, ಬೆಂಜ್ ಎಂಜಿನ್‌ಗಳ ವೈರಿಂಗ್ ಹಾರ್ನೆಸ್‌ಗೆ (ತಂತಿಗಳ ಕಟ್ಟಿಗೆ) ಬಳಸಿದ ತಂತಿಗಳ ಹೊದಿಕೆಯು ಪರಿಸರದಲ್ಲಿ ಬೇಗ ಕರಗಿಹೋಗಲೆಂದು ಆಯ್ದ ವಸ್ತುವಿನದಾಗಿತ್ತು. ಅದು ಗುಜರಿ ಸೇರಿದ ಮೇಲೆ ಕರಗುವ ಬದಲು ಎಂಜಿನ್‌ನ ಬಿಸಿಗೆ ಬಾನೆಟ್‌ನ ಕೆಳಗೇ ಗಟ್ಟಿಯಾಗಿ, ಬಿರುಕು ಬಿಟ್ಟು, ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಹೊದಿಕೆ ಕಳೆದುಕೊಂಡ ತಂತಿಗಳು ಎಂಜಿನ್ ತಣ್ಣಗಿರುವಾಗ ಒಂದಕ್ಕೊಂದು ತಾಗದೆ ಇರಬಹುದು. ಎಂಜಿನ್ ಬಿಸಿಯಾಗಿ, ನಡುಕಕ್ಕೆ ಅಲುಗಿ, ತೇವ ಸೇರಿದಾಗ ಅವು ಪರಸ್ಪರ ತಾಗುತ್ತವೆ. ಆಗ ಸೆನ್ಸರ್ ಕಳಿಸದ ಸಂದೇಶವು ಇಸಿಯುವಿಗೆ ಮುಟ್ಟುತ್ತದೆ, ಕಳಿಸಿದ ಸಂದೇಶ ಮುಟ್ಟುವುದಿಲ್ಲ. ನಿಮ್ಮ ಕಾರು ಬಿಸಿಯಾದಾಗ ಮತ್ತು ಮಳೆಯಲ್ಲಿ ಮಾತ್ರ ತೊಂದರೆ ಕೊಡುವುದಕ್ಕೆ ಇದೇ ಕಾರಣವಿರಬಹುದು. ಹೊಸ ಸೆನ್ಸರ್ ಹಾಕಿದಾಗ ಒಂದೆರಡು ದಿನ ಸರಿಯಾದಂತೆ ಕಂಡಿದ್ದರೆ ಅದು ಪ್ಲಗ್ಗನ್ನು ಬಿಚ್ಚಿ ಹಾಕುವಾಗ ತಂತಿಗಳು ಸ್ವಲ್ಪ ಜರುಗಿದ್ದರ ಫಲವೇ ಹೊರತು ಸೆನ್ಸರಿನ ಗುಣವಲ್ಲ.

ಪರೀಕ್ಷೆಗೆ ಯಾವ ಕಂಪ್ಯೂಟರೂ ಬೇಕಿಲ್ಲ. ಅಲ್ಲದೆ ಈಗಿನ ಕಾರುಗಳಲ್ಲಿರುವ 16 ಪಿನ್‌ನ, ದೋಷ ಓದುವ ಒಬಿಡಿ-2 ಸಾಕೆಟ್ ನಿಮ್ಮ ಕಾರಿನಲ್ಲಿಲ್ಲದ ಕಾರಣ ಅಗ್ಗದ ಸ್ಕ್ಯಾನರ್ ಹಿಡಿದು ಬರುವವರಿಂದ ಪ್ರಯೋಜನವೂ ಇಲ್ಲ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಇಂಜೆಕ್ಟರ್‌ಗಳ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ತಂತಿಗಳು ಸೆನ್ಸರ್ ಪ್ಲಗ್‌ಗಳನ್ನು ಸೇರುವ ಕೊನೆಯ ಕೆಲವು ಅಂಗುಲಗಳನ್ನು ಹಗಲು ಬೆಳಕಿನಲ್ಲಿ ನೋಡಿ. ಕಪ್ಪು ಕೊಳವೆಯಿಂದ ತಂತಿ ಹೊರಬರುವ ಜಾಗದಲ್ಲಿ ರಬ್ಬರ್ ಪೊರೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಬರಿದಾದ ತಾಮ್ರ ಕಾಣಿಸಿದರೂ ಕಾಣಿಸೀತು. ಬಗ್ಗಿಸಿ ನೋಡುವ ಆಸೆಯನ್ನು ಹತ್ತಿಕ್ಕಿಕೊಳ್ಳಿ, ಏಕೆಂದರೆ ಉಳಿದಿರುವ ಹೊದಿಕೆಯೂ ಉದುರುತ್ತದೆ. ಕಣ್ಣಿಗೆ ಸಂಶಯ ಉಳಿದರೆ ಇಸಿಯು ಮತ್ತು ಸೆನ್ಸರ್‌ಗಳ ಎರಡೂ ಕೊನೆಯ ಪ್ಲಗ್‌ಗಳನ್ನು ಬಿಚ್ಚಿ, ಪಕ್ಕಪಕ್ಕದ ತಂತಿಗಳ ನಡುವೆ ಮಲ್ಟಿಮೀಟರ್‌ನಲ್ಲಿ ರೆಸಿಸ್ಟೆನ್ಸ್ ಅಳೆಯಬೇಕು. ಎರಡೂ ಕೊನೆ ಬಿಚ್ಚಿದ ಮೇಲೆ ಒಳಗೆ ಜೋಡಣೆಯಿಲ್ಲದ ಯಾವ ಎರಡು ತಂತಿಗಳ ನಡುವೆಯೂ ಮೀಟರ್ ಮುಳ್ಳು ಅಲುಗಬಾರದು. ಹಾರ್ನೆಸ್ ಮೇಲೆ ತಯಾರಿಕೆಯ ದಿನಾಂಕವಿರುವ ಚಿಕ್ಕ ಲೇಬಲ್ ಇರುತ್ತದೆ. ಅದರ ತಾರೀಖು ಕಾರಿನ ವಯಸ್ಸಿಗಿಂತ ಬಹಳ ಈಚಿನದಾಗಿದ್ದರೆ ಹಿಂದಿನ ಒಡೆಯರು ಈ ಕೆಲಸವನ್ನು ಆಗಲೇ ಮಾಡಿಸಿದ್ದಾರೆ ಎಂದು ತಿಳಿಯಬಹುದು.

ದೋಷ ಇಲ್ಲೇ ಎಂದು ಖಚಿತವಾದರೆ ಎರಡು ದಾರಿಗಳಿವೆ. ಹೊಸ ಹಾರ್ನೆಸ್ ತರಿಸುವುದು ನೇರ ದಾರಿ, ಆದರೆ ದುಬಾರಿ. ಎರಡನೆಯದು ಹಳೆಯ ಪ್ಲಗ್‌ಗಳನ್ನು ಉಳಿಸಿಕೊಂಡು ತಂತಿಗಳನ್ನು ಮಾತ್ರ ಹೊಸದಾಗಿ ಹೆಣೆಸುವುದು. ತಾಳ್ಮೆಯಿರುವ ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್ ಇದನ್ನು ಅಚ್ಚುಕಟ್ಟಾಗಿ ಮಾಡಬಲ್ಲರು. ನಿಮ್ಮ ಕಡೆಯಿಂದ ಮೂರು ಷರತ್ತುಗಳಿರಲಿ: ತಂತಿಯ ದಪ್ಪ ಮೂಲದಷ್ಟೇ ಇರಬೇಕು, ಹೊದಿಕೆ ಎಂಜಿನ್‌ನ ಬಿಸಿ ತಡೆಯುವ ದರ್ಜೆಯದಾಗಿರಬೇಕು, ಕ್ರ್ಯಾಂಕ್ ಪೊಸಿಷನ್ ಸೆನ್ಸರ್ ಮತ್ತು ನಾಕ್ ಸೆನ್ಸರ್‌ನ ತಂತಿಗಳಿಗೆ ಸುತ್ತ ಹೆಣೆದಿರುವ ಶೀಲ್ಡ್ ಹೊಸತರಲ್ಲೂ ಇರಬೇಕು. ಮನೆಯ ವೈರಿಂಗ್‌ಗೆ ಬಳಸುವ ಪಿವಿಸಿ ತಂತಿ ಹಾಕಿ ಇನ್ಸುಲೇಷನ್ ಟೇಪು ಸುತ್ತಿಕೊಟ್ಟರೆ ಮುಂದಿನ ಬೇಸಿಗೆಗೆ ಮತ್ತೆ ಇದೇ ಪತ್ರ ಬರೆಯಬೇಕಾಗುತ್ತದೆ. ಇದೇ ಕಾಲದ ಕೆಲವು ಬೆಂಜ್‌ಗಳಲ್ಲಿ ಥ್ರಾಟಲ್ ಆಕ್ಚುಯೇಟರ್‌ನ ಒಳಗೂ ಇದೇ ಜಾತಿಯ ತಂತಿಯಿದೆ. ಹಾರ್ನೆಸ್ ಬದಲಾಯಿಸಿದ ಮೇಲೂ ಐಡ್ಲಿಂಗ್ ಸರಿಹೋಗದಿದ್ದರೆ ಅದನ್ನು ಬಿಚ್ಚಿಸಿ ನೋಡಬೇಕು.

ಇನ್ನು ಇಸಿಯು ವಿಷಯ. ತಂತಿಗಳು ಶಾರ್ಟ್ ಆಗಿ ಇಸಿಯು ನಿಜವಾಗಿಯೂ ಸುಟ್ಟಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಹಾಗಿದ್ದರೂ ಹಳೆಯ ಹಾರ್ನೆಸ್‌ಗೆ ಹೊಸ ಇಸಿಯು ಜೋಡಿಸುವುದೆಂದರೆ ಅದನ್ನೂ ಸುಡಲು ಕೊಟ್ಟಂತೆ. ಮೊದಲು ತಂತಿ, ಆಮೇಲೆ ಇಸಿಯು. ಇಸಿಯು ಪ್ಲಗ್ ಬಿಚ್ಚಿದಾಗ ಒಳಗೆ ಎಣ್ಣೆಯ ಪಸೆ ಇದೆಯೇ ಎಂದೂ ನೋಡಿಸಿ. ಈ ಎಂಜಿನ್‌ನ ಮುಂಭಾಗದಲ್ಲಿರುವ ಕ್ಯಾಮ್‌ಶಾಫ್ಟ್ ಅಡ್ಜಸ್ಟರ್‌ನ ಮ್ಯಾಗ್ನೆಟ್ ಸೋರಿದರೆ ಆಯಿಲ್ ತಂತಿಯೊಳಗೇ ಹರಿದು ದೂರದ ಪ್ಲಗ್‌ವರೆಗೂ ತಲುಪುವುದುಂಟು.

ಪ್ರಶ್ನೆ: ಅಜ್ಜನವರ 1984ರ 240ಡಿ ಕಾರನ್ನು ಸರಿಮಾಡಿಸಿ ಓಡಿಸುತ್ತಿದ್ದೇನೆ. ಕೀ ತಿರುಗಿಸಿ ತೆಗೆದ ಮೇಲೂ ಎಂಜಿನ್ ನಿಲ್ಲುವುದಿಲ್ಲ. ಕೆಲವೊಮ್ಮೆ ಅರ್ಧ ನಿಮಿಷದ ಮೇಲೆ ನಿಲ್ಲುತ್ತದೆ, ಕೆಲವೊಮ್ಮೆ ಗೇರಿಗೆ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸುತ್ತೇನೆ. ಹಿಂದಿನ ಬಾಗಿಲುಗಳ ಸೆಂಟ್ರಲ್ ಲಾಕ್ ಕೂಡ ಕೆಲಸ ಮಾಡುತ್ತಿಲ್ಲ. ಇಗ್ನಿಷನ್ ಸ್ವಿಚ್ ಬದಲಾಯಿಸಬೇಕೇ? ಫ್ಯೂಯೆಲ್ ಪಂಪ್ ಬಿಚ್ಚಬೇಕು ಎಂದೂ ಒಬ್ಬರು ಹೇಳಿದ್ದಾರೆ.
– ಓದುಗರೊಬ್ಬರು, ಮಡಿಕೇರಿ

ಉತ್ತರ: ಸೆಂಟ್ರಲ್ ಲಾಕ್ ವಿಷಯವನ್ನು ಬರೆದು ನೀವೇ ಅರ್ಧ ಉತ್ತರ ಕೊಟ್ಟಿದ್ದೀರಿ. ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಇಲ್ಲ, ಆದ್ದರಿಂದ ಕರೆಂಟ್ ಕಡಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ನಿಮ್ಮ 240ಡಿ ಸೇರಿದ ಡಬ್ಲ್ಯು123 ಡೀಸೆಲ್‌ನಲ್ಲಿ ಎಂಜಿನ್ನಿಗೆ ಜೋಡಿಸಿದ ಒಂದು ವ್ಯಾಕ್ಯೂಮ್ ಪಂಪ್ ಇದೆ. ಅದು ಎಳೆದ ನಿರ್ವಾತವೇ ಬ್ರೇಕ್ ಬೂಸ್ಟರ್‌ಗೂ, ಬಾಗಿಲು, ಡಿಕ್ಕಿ, ಇಂಧನದ ಮುಚ್ಚಳಗಳ ಲಾಕ್‌ಗೂ, ಇಗ್ನಿಷನ್ ಲಾಕ್‌ನ ಹಿಂದಿರುವ ಕವಾಟದ ಮೂಲಕ ಇಂಜೆಕ್ಷನ್ ಪಂಪ್‌ನ ಷಟ್-ಆಫ್ ಡಯಾಫ್ರಾಮ್‌ಗೂ (ಡೀಸೆಲ್ ನಿಲ್ಲಿಸುವ ರಬ್ಬರ್ ಪೊರೆಗೂ) ಹೋಗುತ್ತದೆ. ಕೀ ಆಫ್ ಮಾಡಿದಾಗ ಆ ಡಯಾಫ್ರಾಮ್ ಎಳೆಯಲ್ಪಟ್ಟು ಡೀಸೆಲ್ ನಿಲ್ಲುತ್ತದೆ. ಬಾಗಿಲಿನೊಳಗಿನ ಒಂದು ರಬ್ಬರ್ ಡಯಾಫ್ರಾಮ್ ಹರಿದರೆ ನಿರ್ವಾತವೆಲ್ಲ ಅಲ್ಲಿಂದ ಸೋರಿ, ಎಂಜಿನ್ ನಿಲ್ಲಿಸಲು ಬೇಕಾದಷ್ಟು ಬಲ ಉಳಿಯುವುದಿಲ್ಲ. ಲಾಕ್ ಕೆಟ್ಟಿದ್ದೂ ಎಂಜಿನ್ ನಿಲ್ಲದಿರುವುದೂ ಒಂದೇ ಸೋರಿಕೆಯ ಎರಡು ಲಕ್ಷಣಗಳಾಗಿರುವ ಸಂಭವ ಹೆಚ್ಚು.

ಕೈಯಲ್ಲಿ ಒತ್ತುವ ಮೀಟರ್ ಸಹಿತ ವ್ಯಾಕ್ಯೂಮ್ ಪಂಪ್ ಒಂದನ್ನು ತಂದುಕೊಳ್ಳಿ. ಈ ಕಾರಿಟ್ಟುಕೊಂಡವರಿಗೆ ಸ್ಪ್ಯಾನರ್ ಸೆಟ್ಟಿನಷ್ಟೇ ಅದು ಅಗತ್ಯ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಇಂಜೆಕ್ಷನ್ ಪಂಪ್‌ನ ಷಟ್-ಆಫ್‌ಗೆ ಹೋಗುವ ತೆಳು ಕಂದು ಪೈಪನ್ನು ಬಿಚ್ಚಿ, ಅಲ್ಲಿ ಕೈಪಂಪ್ ಜೋಡಿಸಿ ಎಳೆಯಿರಿ. ಎಂಜಿನ್ ತಕ್ಷಣ ನಿಂತು ಮುಳ್ಳು ಇಳಿಯದೆ ನಿಂತರೆ ಷಟ್-ಆಫ್ ಆರೋಗ್ಯವಾಗಿದೆ, ಫ್ಯೂಯೆಲ್ ಪಂಪ್ ಬಿಚ್ಚುವ ಮಾತನ್ನು ಅಲ್ಲಿಗೇ ಮರೆಯಬಹುದು. ಮುಳ್ಳು ಇಳಿಯುತ್ತ ಹೋದರೆ ಷಟ್-ಆಫ್‌ನ ಡಯಾಫ್ರಾಮ್ ಹರಿದಿದೆ. ಹಾಗಿದ್ದಾಗ ಕಂದು ಪೈಪಿನೊಳಗೆ ಎಂಜಿನ್ ಆಯಿಲ್ ಸಾಮಾನ್ಯವಾಗಿ ಕಾಣಸಿಗುತ್ತದೆ, ಮತ್ತು ಅದನ್ನು ಬೇಗ ಬದಲಾಯಿಸದಿದ್ದರೆ ಆಯಿಲ್ ಇಗ್ನಿಷನ್ ಲಾಕ್‌ನ ಕವಾಟದವರೆಗೂ ಹರಿದು ಅಲ್ಲಿನ ರಬ್ಬರನ್ನೂ ಹಾಳುಮಾಡುತ್ತದೆ.

ಷಟ್-ಆಫ್ ಸರಿಯಿದ್ದರೆ ಮುಂದಿನ ಹೆಜ್ಜೆ ಬೇರ್ಪಡಿಸುವುದು. ದೊಡ್ಡ ಪೈಪಿನಿಂದ ಕವಲೊಡೆದು ಬಾಗಿಲುಗಳ ಲಾಕ್‌ಗೆ ಹೋಗುವ ಪೈಪನ್ನು ಬಿಚ್ಚಿ, ಆ ಬಾಯಿಗೆ ರಬ್ಬರ್ ಬೆಣೆ ಜಡಿದು, ಕೀಯಿಂದ ಎಂಜಿನ್ ನಿಲ್ಲಿಸಿ ನೋಡಿ. ಈಗ ಥಟ್ಟನೆ ನಿಂತರೆ ದೋಷವು ಲಾಕ್‌ಗಳ ಕವಲಿನಲ್ಲಿದೆ. ನಂತರ ಒಂದೊಂದೇ ಬಾಗಿಲಿನ ಪೈಪಿಗೆ ಕೈಪಂಪ್ ಹಿಡಿದು ಯಾವುದು ನಿರ್ವಾತ ಹಿಡಿಯುವುದಿಲ್ಲವೆಂದು ಕಂಡುಹಿಡಿಯುವುದು ಒಂದು ಮಧ್ಯಾಹ್ನದ ಕೆಲಸ. ಅಗತ್ಯವಿರುವುದು ಒಂದು ಡಯಾಫ್ರಾಮ್ ಅಥವಾ ಒಣಗಿ ಸೀಳಿದ ಒಂದು ರಬ್ಬರ್ ಜೋಡಣೆ ಮಾತ್ರ ಆಗಿರಬಹುದು.

ಕವಲುಗಳೆಲ್ಲ ಸರಿಯಿದ್ದು ಪಂಪ್ ಮೇಲೆಯೇ ಸಂಶಯ ಬಂದರೆ ಅದರ ಬಾಯಿಗೇ ಮೀಟರ್ ಜೋಡಿಸಿ. ಆರೋಗ್ಯವಾದ ಪಂಪ್ ಪಾದರಸದ 500 ಮಿಲಿಮೀಟರ್‌ಗಿಂತ ಹೆಚ್ಚು ಎಳೆಯಬೇಕು. ಆದರೆ ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರ್‌ಗಿಂತ ಎತ್ತರದಲ್ಲಿದೆ. ಅಲ್ಲಿನ ವಾಯುಭಾರವೇ ಶೇ. 12-13ರಷ್ಟು ಕಡಿಮೆಯಾದ್ದರಿಂದ ಮಂಗಳೂರಿನಲ್ಲಿ ಅಳೆದ ಅಂಕಿಯನ್ನು ನಿಮ್ಮಲ್ಲಿ ನಿರೀಕ್ಷಿಸಿ ಒಳ್ಳೆಯ ಪಂಪನ್ನು ಕಸಕ್ಕೆ ಎಸೆಯಬೇಡಿ.

ಗೇರಿಗೆ ಹಾಕಿ ನಿಲ್ಲಿಸುವ ಅಭ್ಯಾಸ ಬಿಟ್ಟುಬಿಡಿ. ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ‘ಸ್ಟಾಪ್’ ಎಂದು ಬರೆದಿರುವ ಸಣ್ಣ ಲಿವರ್ ಕಾಣುತ್ತದೆ, ಅದನ್ನು ಒತ್ತಿದರೆ ಎಂಜಿನ್ ನಿಲ್ಲುತ್ತದೆ. ಕಾರು ತಯಾರಿಸಿದವರೇ ಇಂಥ ದಿನಕ್ಕೆಂದು ಇಟ್ಟಿರುವ ವ್ಯವಸ್ಥೆ ಅದು. ಒಂದು ಎಚ್ಚರಿಕೆಯನ್ನು ಮಾತ್ರ ಲಘುವಾಗಿ ತೆಗೆದುಕೊಳ್ಳಬೇಡಿ. ಬ್ರೇಕ್ ಬೂಸ್ಟರ್‌ಗೂ ಇದೇ ಪಂಪಿನ ನಿರ್ವಾತವೇ ಆಧಾರ. ಬ್ರೇಕ್ ಪೆಡಲ್ ಹಿಂದಿಗಿಂತ ಗಟ್ಟಿಯಾಗಿದೆ ಎನ್ನಿಸಿದ ಕ್ಷಣದಿಂದ, ಘಟ್ಟದ ರಸ್ತೆಯ ನಿಮ್ಮೂರಿನಲ್ಲಿ, ಆ ಕಾರನ್ನು ದುರಸ್ತಿಯಾಗುವವರೆಗೆ ಹೊರಗೆ ತೆಗೆಯಲೇಬಾರದು.

ಪ್ರಶ್ನೆ: 1989ರ ಆಮದು 230ಇ. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ ಆಗಾಗ ಹತ್ತಿಕೊಳ್ಳುತ್ತದೆ. ಅದು ಹತ್ತಿದಾಗಲೆಲ್ಲ ಐಡ್ಲಿಂಗ್ ಕೂಡ ಕೆಡುತ್ತದೆ. ಎಬಿಎಸ್ ಯೂನಿಟ್‌ಗೂ ಐಡ್ಲಿಂಗ್‌ಗೂ ಏನು ಸಂಬಂಧ? ಜೊತೆಗೆ ಪೆಟ್ರೋಲ್ ವಾಸನೆ, ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಬಂದಿದೆ.
– ಓದುಗರೊಬ್ಬರು, ಮಂಗಳೂರು

ಉತ್ತರ: ಎರಡಕ್ಕೂ ಕರೆಂಟ್ ಕೊಡುವುದು ಒಂದೇ ರಿಲೆ ಎನ್ನುವುದೇ ಆ ಸಂಬಂಧ. ಓವರ್‌ವೋಲ್ಟೇಜ್ ಪ್ರೊಟೆಕ್ಷನ್ ರಿಲೆ ಎಂಬ, ಅಲ್ಯೂಮಿನಿಯಂ ಕವಚದ ಚಿಕ್ಕ ಪೆಟ್ಟಿಗೆಯೊಂದು ಬ್ಯಾಟರಿಯ ಬಳಿ ಬಲ್ಕ್‌ಹೆಡ್ ಹಿಂದೆ ಕೂತಿದೆ. ಅದರ ತಲೆಯ ಮೇಲೆ ಪಾರದರ್ಶಕ ಮುಚ್ಚಳದ ಕೆಳಗೆ 10 ಆಂಪಿಯರ್‌ನ ಕೆಂಪು ಫ್ಯೂಸ್ ಇರುತ್ತದೆ. ಮೊದಲು ಆ ಫ್ಯೂಸ್ ನೋಡಿ. ಅದು ಸರಿಯಿದ್ದರೂ ದೋಷ ಬಂದುಹೋಗುತ್ತಿದ್ದರೆ ರಿಲೆಯ ಒಳಗಿನ ಬೆಸುಗೆಗಳು ವರ್ಷಗಳ ಬಿಸಿ-ತಂಪಿಗೆ ಬಿರುಕು ಬಿಟ್ಟಿರುತ್ತವೆ. ಟಿವಿ ರಿಪೇರಿ ಮಾಡುವವರು ಕವಚ ತೆಗೆದು ಮತ್ತೆ ಬೆಸೆದುಕೊಟ್ಟರೆ ಬಹುಕಾಲ ನಡೆಯುವುದೂ ಉಂಟು, ಆದರೂ ಹೊಸದನ್ನು ಹಾಕುವುದೇ ನಮ್ಮ ಸಲಹೆ. ಫ್ಯೂಸ್ ಸುಟ್ಟೇ ಹೋಗಿದ್ದರೆ ಇನ್ನೊಂದು ಹಾಕಿ ಸುಮ್ಮನಾಗಬೇಡಿ. ಹೆಚ್ಚಿನ ವೋಲ್ಟೇಜಿನಿಂದ ಎಲೆಕ್ಟ್ರಾನಿಕ್ಸ್ ಕಾಯುವುದೇ ಆ ರಿಲೆಯ ಕೆಲಸವಾದ್ದರಿಂದ, ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ವೋಲ್ಟೇಜ್ ಅಳೆಯಿರಿ. 14.5 ವೋಲ್ಟ್‌ಗಿಂತ ಮೇಲೇರುತ್ತಿದ್ದರೆ ಆಲ್ಟರ್ನೇಟರಿನ ರೆಗ್ಯುಲೇಟರ್ ಅಪರಾಧಿ.

ನೀವು ಕರಾವಳಿಯವರಾದ್ದರಿಂದ ಇನ್ನೊಂದು ಮಾತು. ಈ ಮಾದರಿಯ ಫ್ಯೂಸ್ ಬಾಕ್ಸ್‌ನಲ್ಲಿ ಎರಡೂ ತುದಿ ಚೂಪಾದ ಹಳೆಯ ಬಗೆಯ ಫ್ಯೂಸ್‌ಗಳಿವೆ. ಅಲ್ಯೂಮಿನಿಯಂ ಪಟ್ಟಿಯವು ಉಪ್ಪು ಗಾಳಿಗೆ ಬಿಳಿ ಪುಡಿ ಹಿಡಿದು, ಸುಡದೆಯೇ ಕರೆಂಟ್ ತಡೆಯುತ್ತವೆ. ಎಲ್ಲವನ್ನೂ ತೆಗೆದು, ಹಿಡಿಕೆಗಳನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ, ತಾಮ್ರದ ಪಟ್ಟಿಯ ಫ್ಯೂಸ್‌ಗಳನ್ನು ಹಾಕಿ. ಅಗ್ಗದ ಕೆಲಸ, ಆದರೆ ಇದರಿಂದ ಮಾಯವಾಗುವ ‘ಕಾರಣವಿಲ್ಲದ’ ದೋಷಗಳು ಅನೇಕ.

ಪೆಟ್ರೋಲ್ ವಾಸನೆ ಬರುತ್ತಿದ್ದರೆ ಮೊದಲು ಪೈಪು ಮತ್ತು ಜೋಡಣೆಗಳಲ್ಲಿ ಎಲ್ಲಿಯಾದರೂ ಹಸಿಯಾಗಿದೆಯೇ ನೋಡಿ, ಬೆಂಕಿಯ ಅಪಾಯ ಎಲ್ಲಕ್ಕಿಂತ ದೊಡ್ಡದು. ಹಸಿಯಿಲ್ಲದಿದ್ದರೆ ಕೂಲಂಟ್ ಟೆಂಪರೇಚರ್ ಸೆನ್ಸರ್ ಅಳೆಯಿರಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ರೆಸಿಸ್ಟೆನ್ಸ್ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300ರಿಂದ 350 ಓಮ್ ಇರಬೇಕು. ಮಂಗಳೂರಿನ 30 ಡಿಗ್ರಿ ಮುಂಜಾನೆಯಲ್ಲಿ ಮೊದಲ ಅಂಕಿ ಇನ್ನೂ ಕಡಿಮೆ ಬರುತ್ತದೆ. ಬಿಸಿ ಎಂಜಿನ್‌ನಲ್ಲೂ ಸಾವಿರಗಟ್ಟಲೆ ಓಮ್ ತೋರಿಸಿದರೆ ಎಂಜಿನ್ ಸದಾ ತಣ್ಣಗಿದೆ ಎಂದು ಇಸಿಯು ತಿಳಿದು ಪೆಟ್ರೋಲ್ ಸುರಿಯುತ್ತಿದೆ ಎಂದರ್ಥ. ಅದನ್ನು ಬಿಟ್ಟು ಫ್ಯೂಯೆಲ್ ಡಿಸ್ಟ್ರಿಬ್ಯೂಟರ್‌ನ ಮಿಕ್ಸ್ಚರ್ ಸ್ಕ್ರೂ (ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸುವ ತಿರುಪು) ತಿರುಗಿಸಲು ಯಾರಿಗೂ ಬಿಡಬೇಡಿ.

ಪ್ರಶ್ನೆ: ಇ220, ಸಿಗ್ನಲ್‌ಗಳಲ್ಲಿ ನಿಂತಾಗ ಟೆಂಪರೇಚರ್ ಏರುತ್ತದೆ, ಹೈವೇಯಲ್ಲಿ ಇಳಿಯುತ್ತದೆ. ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಹಾಕಿದ ಮೇಲೆ ಇನ್ನೂ ಹೆಚ್ಚಾಗಿದೆ. ಇದು ಹೇಗೆ ಸಾಧ್ಯ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ತಂಪಾಗುತ್ತದೆ ಎಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಈ ಕಾರುಗಳ ಥರ್ಮೋಸ್ಟಾಟ್‌ಗೆ ಎರಡು ತಟ್ಟೆಗಳಿವೆ. ಎಂಜಿನ್ ಬಿಸಿಯಾದಾಗ ಒಂದು ತಟ್ಟೆ ರೇಡಿಯೇಟರ್ ದಾರಿಯನ್ನು ತೆರೆಯುತ್ತದೆ, ಇನ್ನೊಂದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಎರಡನ್ನೂ ಕಿತ್ತುಹಾಕಿದರೆ ಬೈಪಾಸ್ ಸದಾ ತೆರೆದೇ ಇದ್ದು, ಬಿಸಿ ಕೂಲಂಟ್‌ನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ಎಂಜಿನ್ನಿಗೆ ಹಿಂತಿರುಗುತ್ತದೆ. ಆದ್ದರಿಂದ ಮೊದಲು ಸರಿಯಾದ ಥರ್ಮೋಸ್ಟಾಟನ್ನು ಮರಳಿ ಹಾಕಿಸಿ.

ನಿಂತಾಗ ಏರಿ ಓಡುವಾಗ ಇಳಿದರೆ ಕೊರತೆ ಗಾಳಿಯದು, ನೀರಿನದಲ್ಲ. ಎಂಜಿನ್ ಚೆನ್ನಾಗಿ ಬಿಸಿಯಾದಾಗ ನಿಲ್ಲಿಸಿ, ಕೀ ತೆಗೆದು, ಬೆಲ್ಟಿನ ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ತಡೆಯೊಡ್ಡದೆ ಗಿರ್ರನೆ ಸುತ್ತಿದರೆ ಬಿಸಿಯಾದಾಗ ಫ್ಯಾನನ್ನು ಬಿಗಿಹಿಡಿಯುವ ವಿಸ್ಕಸ್ ಕ್ಲಚ್ ಸತ್ತಿದೆ. ಎಲೆಕ್ಟ್ರಿಕ್ ಫ್ಯಾನ್ ಇದ್ದಕ್ಕಿದ್ದಂತೆ ತಿರುಗುವ ಅಪಾಯವಿರುವುದರಿಂದ ಅದರಿಂದ ಬೆರಳು ದೂರವಿರಲಿ. ಎಸಿ ಹಾಕಿದಾಗ ಆ ಫ್ಯಾನ್ ತಿರುಗುತ್ತಿದೆಯೇ ಎಂದೂ ನೋಡಿ. ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ನಡುವೆ ವರ್ಷಗಳಿಂದ ಕೂತ ಧೂಳು, ಹುಲ್ಲು, ಕೀಟಗಳ ಪದರವನ್ನು ಹೊರಗಿನಿಂದ ನೀರು ಹೊಡೆದು ತೆಗೆಯಲಾಗದು, ಬಿಚ್ಚಿಯೇ ತೆಗೆಯಬೇಕು. ಬೋರ್‌ವೆಲ್ ನೀರು ತುಂಬಿಸಿದ್ದರೆ ಒಳಗೆ ಸುಣ್ಣ ಕಟ್ಟಿರುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಬೆಂಜ್ ಅನುಮೋದಿಸಿದ ಕೂಲಂಟ್ ಅರ್ಧರ್ಧ ಬೆರೆಸಿ ಹಾಕಿಸಿ. ಮೀಟರ್ 80ರ ಗೆರೆಯಿಂದ ಸ್ವಲ್ಪ ಅಲುಗಿದರೆ ಗಾಬರಿ ಬೇಡ, ಟ್ರಾಫಿಕ್‌ನಲ್ಲಿ 100ರವರೆಗೆ ಹೋಗಿ ಬರುವುದು ಈ ಕಾರಿನ ಸ್ವಭಾವವೇ. ಕೆಂಪಿನತ್ತ ಹೊರಟರೆ ಮಾತ್ರ ಎಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಪಕ್ಕಕ್ಕೆ ಹಾಕಿ. ಬಿಸಿಯಾಗಿರುವಾಗ ಮುಚ್ಚಳ ತೆರೆಯಬಾರದೆಂದು ಪ್ರತಿ ಸಲ ಬರೆಯುತ್ತೇವೆ, ಮತ್ತೊಮ್ಮೆ ಬರೆಯುತ್ತಿದ್ದೇವೆ.

ಪ್ರಶ್ನೆ: 2001ರ ಎಸ್500 ಕಾರಿನ ಮುಂಭಾಗದ ಎಡ ಮೂಲೆ ರಾತ್ರಿ ಕಳೆಯುವಷ್ಟರಲ್ಲಿ ಕುಸಿದಿರುತ್ತದೆ. ಸ್ಟಾರ್ಟ್ ಮಾಡಿದರೆ ಮೇಲೇಳುತ್ತದೆ. ಕಂಪ್ರೆಸರ್ ಹೋಗಿದೆಯೇ?
– ಕನ್ನಡಿಗರೊಬ್ಬರು, ದುಬೈ

ಉತ್ತರ: ಸ್ಟಾರ್ಟ್ ಮಾಡಿದಾಗ ಏಳುತ್ತಿದ್ದರೆ ಕಂಪ್ರೆಸರ್ ಇನ್ನೂ ದುಡಿಯುತ್ತಿದೆ, ಅದನ್ನು ಉಳಿಸಿಕೊಳ್ಳುವ ಕಾಲ ಇದು. ಈ ಕಾರು ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿರುವ ಸ್ಟ್ರಟ್‌ಗಳ ಮೇಲೆ ನಿಲ್ಲುತ್ತದೆ. ಒಂದೇ ಮೂಲೆ ಕುಸಿಯುವುದರಿಂದ ಆ ಚಕ್ರದ ಗಾಳಿ ಸ್ಟ್ರಟ್ಟಿನಲ್ಲೋ ಅದರ ಪೈಪಿನಲ್ಲೋ ಸೋರಿಕೆಯಿದೆ. ನಿಮ್ಮೂರಿನ ಬಿಸಿಲಿಗೆ ರಬ್ಬರ್ ಚೀಲದ ಮಡಿಕೆಗಳು ಬಿರುಕು ಬಿಡುವುದು ಸಹಜ. ಕಾರು ಎತ್ತರದಲ್ಲಿರುವಾಗ ಸ್ಟ್ರಟ್ ತಲೆಯ ಪೈಪ್ ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ, ಅಲ್ಲಿಲ್ಲದಿದ್ದರೆ ಕೆಳಗಿನ ಮಡಿಕೆಗೆ ಹಚ್ಚಿ. ಕಾರಿನಡಿಗೆ ಹೋಗುವ ಮುನ್ನ ಸ್ಟ್ಯಾಂಡ್ ಕೊಡದೆ ಇರಬೇಡಿ, ಗಾಳಿಯ ಮೇಲೆ ನಿಂತ ಕಾರು ಮುನ್ಸೂಚನೆಯಿಲ್ಲದೆ ಇಳಿಯಬಲ್ಲದು. ಸೋರುವ ಸ್ಟ್ರಟ್ ಜೊತೆ ತಿಂಗಳುಗಟ್ಟಲೆ ಓಡಿಸಿದರೆ ಕಂಪ್ರೆಸರ್ ಬಿಡುವಿಲ್ಲದೆ ತಿರುಗಿ ಸುಟ್ಟುಹೋಗುತ್ತದೆ. ಆಗ ಅದರ ರಿಲೆಯನ್ನೂ ಜೊತೆಯಲ್ಲೇ ಬದಲಾಯಿಸಬೇಕು, ಏಕೆಂದರೆ ಅಂಟಿಕೊಂಡ ಹಳೆಯ ರಿಲೆ ಹೊಸ ಕಂಪ್ರೆಸರನ್ನೂ ತಿನ್ನುತ್ತದೆ. ಮುಂದಿನ ಎರಡು ಮೂಲೆಗಳೂ ಒಟ್ಟಿಗೆ ಕುಸಿಯತೊಡಗಿದರೆ ಚಕ್ರಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್ ನೋಡಬೇಕು. ಎಲ್ಲವನ್ನೂ ಕಿತ್ತು ಸಾಮಾನ್ಯ ಸ್ಪ್ರಿಂಗ್ ಹಾಕಿಸುವವರಿದ್ದಾರೆ. ಖರ್ಚು ಕಡಿಮೆಯಾಗುವುದು ನಿಜ, ಆದರೆ ಆ ಕಾರನ್ನು ಕೊಂಡದ್ದೇ ಅದರ ಸವಾರಿಗಾಗಿಯಲ್ಲವೇ?

ಪ್ರಶ್ನೆ: ಇ250ಡಿ ಡೀಸೆಲ್ ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಗುತ್ತದೆ. ಹಗಲೆಲ್ಲ ತೊಂದರೆಯಿಲ್ಲ. ಇಂಜೆಕ್ಷನ್ ಪಂಪ್ ಸರ್ವಿಸ್ ಮಾಡಿಸಲೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಪಂಪ್ ಮುಟ್ಟುವ ಮೊದಲು ಎರಡು ಪರೀಕ್ಷೆ ಮಾಡಿ. ರಾತ್ರಿ ನಿಲ್ಲಿಸಿದ ಕಾರಿನ ಬಾನೆಟ್ ಎತ್ತಿ, ಇಂಧನ ಫಿಲ್ಟರ್ ಸುತ್ತಲಿನ ಪಾರದರ್ಶಕ ಪ್ಲಾಸ್ಟಿಕ್ ಪೈಪ್‌ಗಳನ್ನು ಬೆಳಿಗ್ಗೆ ಟಾರ್ಚಿನಲ್ಲಿ ನೋಡಿ. ಒಳಗೆ ಗಾಳಿಯ ಗುಳ್ಳೆ ಅಥವಾ ಖಾಲಿ ಜಾಗ ಕಂಡರೆ ಡೀಸೆಲ್ ರಾತ್ರಿಯಿಡೀ ಟ್ಯಾಂಕಿಗೆ ಹಿಂದೆ ಸರಿದಿದೆ. ಪೈಪ್‌ಗಳ ತುದಿಯ ಓ-ರಿಂಗ್‌ಗಳು ಗಟ್ಟಿಯಾಗಿರುವುದೇ ಕಾರಣ, ಅವುಗಳ ಬೆಲೆ ಕೆಲವೇ ರೂಪಾಯಿ. ಗಾಳಿ ಕಾಣದಿದ್ದರೆ ತಣ್ಣಗಿರುವ ಎಂಜಿನ್‌ನ ಒಳಗನ್ನು ಬಿಸಿಮಾಡುವ ಐದು ಗ್ಲೋ ಪ್ಲಗ್‌ಗಳ ತಂತಿ ಬಿಚ್ಚಿ, ಪ್ರತಿಯೊಂದರ ತುದಿಗೂ ಎಂಜಿನ್‌ಗೂ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಒಂದು ಓಮ್‌ನ ಆಸುಪಾಸಿನಲ್ಲಿರುವುದು ಬದುಕಿದೆ, ಏನನ್ನೂ ತೋರಿಸದಿರುವುದು ಸತ್ತಿದೆ. ಐದೂ ಸರಿಯಿದ್ದರೆ ರಿಲೆಯೊಳಗಿನ 80 ಆಂಪಿಯರ್ ಪಟ್ಟಿ ಫ್ಯೂಸ್ ನೋಡಿ. ಸತ್ತ ಪ್ಲಗ್ ಬಿಚ್ಚುವಾಗ ಆತುರ ಬೇಡ. ಎಂಜಿನ್ ಬಿಸಿಯಾಗಿರಬೇಕು, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಬೇಕು, ತಿರುಗದಿದ್ದರೆ ಬಲ ಹಾಕದೆ ಸ್ವಲ್ಪ ಹಿಂದೆ ಮುಂದೆ ಆಡಿಸಬೇಕು. ಹೆಡ್ ಒಳಗೆ ಮುರಿದ ಗ್ಲೋ ಪ್ಲಗ್ ತೆಗೆಸುವ ಖರ್ಚಿನಲ್ಲಿ ಐದು ಹೊಸ ಸೆಟ್ಟು ಕೊಳ್ಳಬಹುದು.

ಪ್ರಶ್ನೆ: ಪ್ರತಿ ಬೇಸಿಗೆಗೂ ಎಸಿ ಗ್ಯಾಸ್ ತುಂಬಿಸುತ್ತಿದ್ದೇನೆ. ಪರಿಹಾರವೇನು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಗ್ಯಾಸ್ ಖರ್ಚಾಗುವ ವಸ್ತುವಲ್ಲ, ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ನೈಟ್ರೋಜನ್ ಒತ್ತಡ ಹಾಕಿ, ಬಣ್ಣದ ಡೈ ಬಿಟ್ಟು ಸೋರಿಕೆ ಹುಡುಕುವ ಅಂಗಡಿಗೆ ಹೋಗಿ. ಪೈಪ್ ಜೋಡಣೆ, ಕಂಪ್ರೆಸರಿನ ಶಾಫ್ಟ್ ಸೀಲ್, ಕಂಡೆನ್ಸರ್, ಈ ಕ್ರಮದಲ್ಲಿ ನೋಡಲಿ. ಎವಾಪೊರೇಟರ್ (ಗಾಳಿಯನ್ನು ತಂಪು ಮಾಡುವ ಭಾಗ) ಬದಲಾಯಿಸಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾದ್ದರಿಂದ ಬೇರೆಲ್ಲೂ ಸೋರಿಕೆ ಇಲ್ಲವೆಂದು ಸಾಬೀತಾಗುವವರೆಗೆ ಒಪ್ಪಬೇಡಿ.

ಪ್ರಶ್ನೆ: ಈಗ ಬಂಕ್‌ಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ನನ್ನ 1995ರ ಕಾರಿಗೆ ಹಾಕಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆ ಕಾರನ್ನು ಅಂಥ ಪೆಟ್ರೋಲಿಗಾಗಿ ವಿನ್ಯಾಸಗೊಳಿಸಿಲ್ಲ, ಆದರೆ ಬೇರೆ ಪೆಟ್ರೋಲ್ ಸುಲಭವಾಗಿ ಸಿಗುವುದೂ ಇಲ್ಲ. ಆದ್ದರಿಂದ ಕಾರನ್ನೇ ಸಜ್ಜುಗೊಳಿಸಬೇಕು. ಟ್ಯಾಂಕಿನಿಂದ ಪಂಪಿಗೆ, ಪಂಪಿನಿಂದ ಎಂಜಿನ್ನಿಗೆ ಹೋಗುವ ಎಲ್ಲ ರಬ್ಬರ್ ಹೋಸ್‌ಗಳನ್ನೂ ಎಥನಾಲ್ ತಡೆಯುವ ದರ್ಜೆಯವಕ್ಕೆ ಬದಲಾಯಿಸಿ. ಹಳೆಯ ರಬ್ಬರ್ ಉಬ್ಬಿ, ಮೆತ್ತಗಾಗಿ ಸೋರುವ ಅಪಾಯವಿದೆ. ಎಥನಾಲ್ ಹಳೆಯ ಟ್ಯಾಂಕಿನ ತಳದ ಕೊಳೆಯನ್ನೂ ಎಬ್ಬಿಸುವುದರಿಂದ ಮೊದಲ ಕೆಲವು ಟ್ಯಾಂಕ್‌ಗಳ ನಂತರ ಫಿಲ್ಟರ್ ಬದಲಾಯಿಸಿ. ಮಲೆನಾಡಿನ ತೇವದಲ್ಲಿ ಕಾರನ್ನು ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ. ಎಥನಾಲ್ ನೀರು ಹೀರಿ, ಹೆಚ್ಚಾದಾಗ ನೀರಿನೊಡನೆ ತಳಕ್ಕಿಳಿದು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಹೋಸ್ ಕೊಳ್ಳುವಾಗ ಅದರ ಮೈಮೇಲೆ ದರ್ಜೆ ಅಚ್ಚಾಗಿರುವುದನ್ನು ಕಣ್ಣಾರೆ ನೋಡಿ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಅಚ್ಚಿಲ್ಲದ ಹೋಸನ್ನು ತೆಗೆದುಕೊಳ್ಳಬೇಡಿ.